ಗುಂಡು ಬಿದ್ದ ಮೇಲೆ ಎಷ್ಟು ದೂರ

ಅಕ್ಟೋಬರ್ ಮೊದಲ ವಾರದ ಒಂದು ಬೆಳಿಗ್ಗೆ, ನಾನಿನ್ನೂ ಕೋಟು ತೆಗೆಯುತ್ತಿದ್ದಾಗಲೇ ಬಾಸ್ ಬಂದು ನನ್ನ ಮೇಜಿನ ಮೇಲೆ ಎರಡು ಸಿಗಾರ್ ಡಬ್ಬಿಗಳನ್ನು ಇಟ್ಟರು. ಒಂದರ ಮುಚ್ಚಳದ ಮೇಲೆ ‘ತೆಳು’, ಇನ್ನೊಂದರ ಮೇಲೆ ‘ದಪ್ಪ’ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಒಳಗೆ ಸಿಗಾರ್ ಇರಲಿಲ್ಲ, ರೈಫಲ್ ಗುಂಡುಗಳಿದ್ದವು.

“ಜಿಂಕೆಗೆ ಇವೆರಡರಲ್ಲಿ ಯಾವುದು ಒಳ್ಳೇದು ಅಂತ ಡಿಸೆಂಬರ್ ಒಳಗೆ ಹೇಳ್ಬೇಕು” ಅಂದರು.

ಜಿಂಕೆಯನ್ನು ಕೇಳಿದರೆ ಎರಡೂ ಬೇಡ ಎನ್ನುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅದು ಎಪ್ಪತ್ತರ ದಶಕದ ಮೊದಮೊದಲ ವರ್ಷಗಳು. ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿದ್ದ ನಮ್ಮ ಲ್ಯಾಬಿನಲ್ಲಿ ಕಾರಿನ ಸ್ಪ್ರಿಂಗು, ಬೋಲ್ಟು, ಆಕ್ಸಲ್‌ಗಳನ್ನು ಎಳೆದು, ಬಗ್ಗಿಸಿ, ಮುರಿದು ನೋಡುವುದು ನಮ್ಮ ಕಸುಬು. ಆ ವರ್ಷ ಕಾರಿನ ಕೆಲಸ ಇಳಿಮುಖವಾಗಿತ್ತು, ಬಾಸ್ ಸಿಕ್ಕಿದ್ದನ್ನೆಲ್ಲ ಒಪ್ಪಿಕೊಳ್ಳುತ್ತಿದ್ದರು. ಇದ್ದವರಲ್ಲಿ ಸೀಸ, ತಾಮ್ರಗಳ ವಿಷಯ ಓದಿಕೊಂಡವನು ನಾನೊಬ್ಬನೇ. ಹಾಗಾಗಿ ಹುಟ್ಟಿದಾರಭ್ಯ ಮಾಂಸ ಮುಟ್ಟದ, ಮೈಸೂರಿನ ಮನೆಯಲ್ಲಿ ಸೊಳ್ಳೆ ಹೊಡೆಯುವಾಗಲೂ ಅಜ್ಜಿ ನೋಡುತ್ತಿಲ್ಲ ತಾನೆ ಎಂದು ಸುತ್ತ ಕಣ್ಣು ಹಾಯಿಸುತ್ತಿದ್ದ ನನಗೆ ಈ ಕೆಲಸ ಗಂಟುಬಿತ್ತು.

ಮನೆಯಲ್ಲಿ ಹೇಳಲಿಲ್ಲ. ಹೆಂಡತಿ ಕೇಳಿದಾಗ “ಒಂದು ಹೊಸ ಪಾರ್ಟ್ ಬಂದಿದೆ, ಟೆಸ್ಟ್ ಮಾಡ್ಬೇಕು” ಅಂದೆ. ಸುಳ್ಳಲ್ಲ. ನಿಜವೂ ಅಲ್ಲ.

ಎರಡು ದಿನ ಬಿಟ್ಟು ಗಿರಾಕಿಯೇ ಬಂದರು. ಅರವತ್ತು ದಾಟಿದ ಮನುಷ್ಯ, ದಪ್ಪ ಕನ್ನಡಕ, ಉಗುರಿನ ಸಂದಿಯಲ್ಲಿ ಮಸಿ. ಶಿಕಾಗೋದ ಪಶ್ಚಿಮಕ್ಕೆ, ನೇಪರ್‌ವಿಲ್‌ನ ಆಚೆ, ಜೋಳದ ಹೊಲಗಳ ಪಕ್ಕದ ಒಂದು ಶೆಡ್ಡಿನಲ್ಲಿ ಅವರ ವರ್ಕ್‌ಶಾಪು. ಎರಡು ಬಗೆಯ ಗುಂಡು ಮಾಡಿ ನೋಡಿದ್ದರು. ಡೈಗಳನ್ನು, ಅಂದರೆ ಅಚ್ಚುಗಳನ್ನು, ಮಾಡಿಸಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಒಂದನ್ನು ಮಾತ್ರ ಆರಿಸಬೇಕಿತ್ತು. ಮುಂದಿನ ವರ್ಷದ ಬೇಟೆಯ ಕಾಲಕ್ಕೆ ಸರಕು ಸಿದ್ಧವಾಗಬೇಕಿತ್ತು.

ನಾನು ನೋಟ್‌ಬುಕ್ ತೆರೆದು ಅವರಿಗೆ ಬೇಕಾದ ಅಳತೆಗಳೇನು ಎಂದು ಕೇಳಿದೆ. ಎಷ್ಟು ಆಳ ಹೋಗಬೇಕು, ಎಷ್ಟು ಅರಳಬೇಕು, ಎಷ್ಟು ತೂಕ ಉಳಿಯಬೇಕು.

“ಅದೆಲ್ಲ ನನಗೆ ಗೊತ್ತಿಲ್ಲಪ್ಪ” ಅಂದರು. “ನನಗೆ ಒಂದೇ ಪ್ರಶ್ನೆ. ಗುಂಡು ಬಿದ್ದ ಮೇಲೆ ಜಿಂಕೆ ಎಷ್ಟು ದೂರ ಹೋಗತ್ತೆ?”

ಮತ್ತೆ ತಾವಾಗಿಯೇ ಹೇಳಿದರು. ಇಪ್ಪತ್ತರ ಹರೆಯದಲ್ಲಿ ಮಿಶಿಗನ್‌ನ ಉತ್ತರದ ಕಾಡಿನಲ್ಲಿ ಒಂದು ಜಿಂಕೆಗೆ ಹೊಡೆದಿದ್ದರಂತೆ. ಗುರಿ ಸರಿಯಾಗಿಯೇ ಬಿದ್ದಿತ್ತು. ಅದು ಒಮ್ಮೆ ಬಾಗಿ, ಎದ್ದು, ಜೌಗಿನೊಳಗೆ ಹೋಯಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. “ಎಲ್ಲೋ ಮಲಗಿ ಸತ್ತಿರತ್ತೆ. ಎಷ್ಟು ಹೊತ್ತು ತಗೊಂಡಿತೋ. ಆ ಗುಂಡು ತೂತು ಮಾಡ್ಕೊಂಡು ಸುಮ್ಮನೆ ಆಚೆ ಹೋಗಿತ್ತು, ಅಷ್ಟೆ. ಆವತ್ತಿಂದ ನಾನು ಗುಂಡು ಮಾಡ್ತಿದೀನಿ” ಅಂದರು.

ಹೊಡೆಯುವವನೇ ಇಷ್ಟು ಮರುಗುವುದಾದರೆ ಹೊಡೆಯುವುದೇಕೆ ಎಂದು ನನಗೆ ಅರ್ಥವಾಗಲಿಲ್ಲ. ಇನ್ನೂ ಒಂದು ಅರ್ಥವಾಗಲಿಲ್ಲ. ಅವರ ಇಲಿನಾಯ್ ರಾಜ್ಯದಲ್ಲಿ ಜಿಂಕೆಗೆ ರೈಫಲ್ ಹಿಡಿಯುವಂತೆಯೇ ಇಲ್ಲವಂತೆ, ಶಾಟ್‌ಗನ್ ಮಾತ್ರ. ತಮ್ಮ ಊರಿನಲ್ಲಿ ನಿಷಿದ್ಧವಾದ ಗುಂಡನ್ನು ತಮ್ಮ ಊರಿನಲ್ಲಿ ಕೂತು ಮಾಡುತ್ತಿದ್ದರು. ಆದರೆ ಪ್ರಶ್ನೆ ಮಾತ್ರ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಉಳಿಯಿತು. ಎಷ್ಟು ದೂರ.

ಗುಂಡಿನ ವಿಷಯವನ್ನು ನಾನು ಮೊದಲಿನಿಂದ ಕಲಿಯಬೇಕಾಯಿತು. ಒಳಗೆ ಸೀಸ, ಹೊರಗೆ ತಾಮ್ರದ ತಗಡಿನ ಜಾಕೆಟ್, ಮೂತಿಯ ಹತ್ತಿರ ಸೀಸ ಸ್ವಲ್ಪ ಹೊರಗಿಣುಕಿರುತ್ತದೆ. ಮೈಗೆ ತಗುಲಿದಾಗ ಮೂತಿ ಹಿಂದಕ್ಕೆ ಮಡಚಿಕೊಂಡು ಅಣಬೆಯಂತೆ ಅರಳಬೇಕು. ಅರಳಿದರೆ ಗಾಯ ದೊಡ್ಡದು, ಪ್ರಾಣಿ ಬೇಗ ಬೀಳುತ್ತದೆ. ಜಾಕೆಟ್ ತೀರಾ ತೆಳುವಾದರೆ ಅರಳುವ ಬದಲು ಒಡೆದು ಚೂರಾಗಿ ಚರ್ಮದ ಹತ್ತಿರವೇ ನಿಂತುಬಿಡುತ್ತದೆ. ತೀರಾ ದಪ್ಪವಾದರೆ ಅರಳದೆ, ದಬ್ಬಣದಂತೆ ಆಚೆ ಹೊರಟುಹೋಗುತ್ತದೆ. ತೂಕವನ್ನು ಗ್ರೇನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಮ್ಮ ಗುಂಡು ನೂರೈವತ್ತು ಗ್ರೇನ್, ಹತ್ತು ಗ್ರಾಂ ಹತ್ತಿರ. ಅಕ್ಕಸಾಲಿಗನ ಗುಲಗಂಜಿಯಂಥ ಪುಟ್ಟ ಲೆಕ್ಕ. ಅಷ್ಟು ಪುಟ್ಟ ವಸ್ತುವಿಗೆ ಇಷ್ಟು ದೊಡ್ಡ ಹೊಣೆಯೇ ಎಂದು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದೆ.

ಟೆಸ್ಟ್ ಮಾಡುವ ಬಗೆಯನ್ನು ಹೇಳಿಕೊಟ್ಟವನು ನಮ್ಮ ಟೆಕ್ನಿಶಿಯನ್. ನನಗಿಂತ ಹತ್ತು ವರ್ಷ ದೊಡ್ಡವನು, ಸ್ವತಃ ಬೇಟೆಗಾರ. ಬೇಸ್‌ಮೆಂಟಿನಲ್ಲಿ ಇಪ್ಪತ್ತೈದು ಗಜ ಉದ್ದದ ಕೊಠಡಿ. ಒಂದು ತುದಿಯಲ್ಲಿ ರೈಫಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದಿತ್ತು. ಗೋಡೆಯ ಹಿಂದೆ ನಿಂತು ಹಗ್ಗ ಎಳೆದರೆ ಗುಂಡು ಹಾರುತ್ತದೆ. ನಡುವೆ ಗುಂಡಿನ ವೇಗ ಅಳೆಯಲು ಎರಡು ಕಾಗದದ ಪರದೆಗಳು. ದೂರ ಹೋದಂತೆ ಗುಂಡಿನ ವೇಗ ಇಳಿಯುತ್ತದಲ್ಲ, ಅದಕ್ಕೆ ತೋಟಾದಲ್ಲಿ ಮದ್ದು ಕಡಿಮೆ ಮಾಡಿ ಹೊಡೆದರೆ ಇಪ್ಪತ್ತೈದು ಗಜದಲ್ಲೇ ನೂರೈವತ್ತು ಗಜದ ವೇಗ ಸಿಗುತ್ತದೆ. ಇನ್ನೊಂದು ತುದಿಯಲ್ಲಿ ಜಿಂಕೆಯ ಬದಲಿಗೆ ಒಂದು ಉದ್ದನೆಯ ತಗಡಿನ ತೊಟ್ಟಿ. ಅದರೊಳಗೆ ನೀರಿನಲ್ಲಿ ಒಂದು ದಿನ ನೆನೆಸಿದ ಟೆಲಿಫೋನ್ ಡೈರೆಕ್ಟರಿಗಳು.

ಡೈರೆಕ್ಟರಿ ಸಾಲದಾದಾಗ ಅವನು ಯಾವುದೋ ಶಾಲೆ ಬಿಸಾಡಿದ್ದ ಎರಡು ಮೂಟೆ ಹಳೆಯ ಪಠ್ಯಪುಸ್ತಕ ತಂದ. ಭೂಗೋಳ, ಜ್ಯಾಮಿತಿ, ಇಂಗ್ಲಿಷ್ ವ್ಯಾಕರಣ. ಒಂದರ ಒಳರಟ್ಟಿನಲ್ಲಿ ಯಾರೋ ಹುಡುಗಿ ದುಂಡಾಗಿ ಹೆಸರು ಬರೆದುಕೊಂಡಿದ್ದಳು. ಅವನ್ನೆಲ್ಲ ತೊಟ್ಟಿಯಲ್ಲಿ ಬಿಗಿಯಾಗಿ ಕೂರಿಸಬೇಕಲ್ಲ, ಬೂಟು ಹಾಕಿಕೊಂಡೇ ಹತ್ತಿ ತುಳಿದ. ಪಚಪಚ ಸದ್ದು. ನನಗೆ ಗೊತ್ತಿಲ್ಲದೆ ನನ್ನ ಕೈ ತೊಟ್ಟಿಯ ಅಂಚಿನ ಒಂದು ಪುಸ್ತಕ ಮುಟ್ಟಿ ಕಣ್ಣಿಗೆ ಹೋಯಿತು.

“ಕಣ್ಣಿಗೆ ಏನಾದ್ರೂ ಬಿತ್ತಾ?” ಎಂದು ಕೇಳಿದ.

“ನೀರು ಹಾರಿತು” ಅಂದೆ.

ಆ ಪುಸ್ತಕಗಳ ಮೇಲೆ ಗುಂಡು ಹಾರಿಸಿದೆವು. ಬಗೆಗೆ ಹತ್ತರಂತೆ ಇಪ್ಪತ್ತು. ಹಾಳೆ ಬಿಡಿಸಿ ಬಿಡಿಸಿ ಗುಂಡು ಹುಡುಕಿ ತೆಗೆದು, ತೊಳೆದು, ತೂಗಿ, ಅಳೆದೆವು. ಅಕ್ಷರಗಳ ನಡುವೆ ಮಸಿಯಾದ ಸುರಂಗ. ಫಲಿತಾಂಶ ಸ್ಪಷ್ಟವಾಗಿತ್ತು. ದಪ್ಪ ಜಾಕೆಟ್ಟಿನದು ಚೆನ್ನಾಗಿ ಅರಳಿ, ತೂಕ ಹೆಚ್ಚು ಕಳೆದುಕೊಳ್ಳದೆ, ಹದಿಮೂರು ಇಂಚು ಹೋಗಿ ನಿಂತಿತ್ತು. ತೆಳುವಿನದು ಎಂಟು ಇಂಚಿಗೇ ಪುಡಿಪುಡಿ. ದಪ್ಪವೇ ಸರಿ ಎಂದುಕೊಂಡೆ. ಇನ್ನೊಂದು ಸುತ್ತು ಅದನ್ನೇ ಹೇಳಿದರೆ ರಿಪೋರ್ಟ್ ಬರೆದು ಕೈತೊಳೆದುಕೊಳ್ಳಬಹುದಿತ್ತು.

ಎರಡನೇ ಸುತ್ತಿನ ಹೊತ್ತಿಗೆ ಟೆಕ್ನಿಶಿಯನ್ ಬಿಲ್ಲುಬಾಣದ ಬೇಟೆಗೆಂದು ಹತ್ತು ದಿನ ರಜೆ ಹಾಕಿ ಉತ್ತರಕ್ಕೆ ಹೋದ. ನಾನೊಬ್ಬನೇ. ಉಳಿದ ಮೂಟೆಯ ಬಾಯಿ ಬಿಚ್ಚಿದೆ. ಮೇಲೆಯೇ ಒಂದು ಜ್ಯಾಮಿತಿ ಪುಸ್ತಕ. ನನ್ನ ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದು ಅದನ್ನೇ. ಆಯುಧಪೂಜೆಯ ದಿನ ಪುಸ್ತಕಗಳಿಗೆ ಕುಂಕುಮವಿಟ್ಟು, ಓದುವ ಹಾಗೂ ಇಲ್ಲ ಎಂದು ಮುಚ್ಚಿಡುತ್ತಿದ್ದ ಮನೆ ನಮ್ಮದು. ಆಯುಧವೂ ಪುಸ್ತಕವೂ ಒಂದೇ ಸಾಲಿನಲ್ಲಿ ಪೂಜೆಗೆ ಕೂರುತ್ತಿದ್ದವು ನಿಜ, ಆದರೆ ಒಂದರಿಂದ ಇನ್ನೊಂದಕ್ಕೆ ಹೊಡೆಯುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮೂಟೆ ಕಟ್ಟಿಬಿಟ್ಟೆ.

ಮನೆಗೆ ಹೋಗುವ ದಾರಿಯಲ್ಲಿ ಒಂದು ಪತ್ರಿಕೆಯ ಮುದ್ರಣಾಲಯವಿತ್ತು. ಅಲ್ಲಿ ಕೇಳಿದರೆ ಅಚ್ಚಿನ ಕಾಗದದ ಸುರುಳಿಗಳ ಕೊನೆಯ ತುಂಡುಗಳನ್ನು ಸುಮ್ಮನೆ ಕೊಟ್ಟರು. ಒಂದಕ್ಷರವೂ ಇಲ್ಲದ ಬಿಳಿ ಕಾಗದ. ಕತ್ತರಿಸಿ, ನೆನೆಸಿ, ಕೈಯಿಂದಲೇ ಒತ್ತಿ ತೊಟ್ಟಿ ತುಂಬಿದೆ. ಕಾಗದ ಕಾಗದವೇ ತಾನೆ. ಮನಸ್ಸು ಹಗುರವಾಗಿತ್ತು. ಹಗ್ಗ ಎಳೆದೆ.

ಫಲಿತಾಂಶ ತಲೆಕೆಳಗಾಯಿತು. ದಪ್ಪ ಜಾಕೆಟ್ಟಿನ ಗುಂಡು ಇಪ್ಪತ್ತಾರು ಇಂಚಿನ ತೊಟ್ಟಿಯನ್ನು ಪೂರ್ತಿ ಹಾದು ಹಿಂಬದಿಯ ಕಬ್ಬಿಣದ ಹಲಗೆಗೆ ಬಡಿಯಿತು. ಮೊದಲನೆಯದೂ ಹಾಗೆ, ಹತ್ತನೆಯದೂ ಹಾಗೆ. ತೆಳುವಿನದು ಹೂವಿನಂತೆ ಅರಳಿ ಹದಿನೈದು ಇಂಚಿಗೆ ಕೂತಿತ್ತು.

ಮುಂದಿನ ಒಂದು ವಾರ ನಾನು ಏನೇನು ಮಾಡಿದೆ ಎಂದು ನೆನೆದರೆ ಈಗಲೂ ನಗು ಬರುತ್ತದೆ. ಆಗ ಬರಲಿಲ್ಲ. ಡಬ್ಬಿಗಳು ಅದಲುಬದಲಾಗಿವೆಯೇ ಎಂದು ಎರಡೂ ಬಗೆಯ ಗುಂಡುಗಳನ್ನು ಉದ್ದಕ್ಕೆ ಸೀಳಿ ಜಾಕೆಟ್ಟಿನ ದಪ್ಪ ಅಳೆದೆ. ಆಗಿರಲಿಲ್ಲ. ಮದ್ದು ತೂಗುವ ತಕ್ಕಡಿ ಪರೀಕ್ಷಿಸಿದೆ. ವೇಗ ಅಳೆಯುವ ಪರದೆಗಳ ನಡುವಣ ಅಂತರವನ್ನು ಮೂರು ಬಾರಿ ಟೇಪು ಹಿಡಿದು ನೋಡಿದೆ. ಸೀಸದ ಗಡಸುತನ ಅಳೆದೆ. ಬೇಸ್‌ಮೆಂಟಿನ ಉಷ್ಣತೆ ಐವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದಿತ್ತೆಂದು ಹೀಟರ್ ತಂದಿಟ್ಟೆ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಊಟದ ಡಬ್ಬಿಯ ಚಿತ್ರಾನ್ನ ತಿನ್ನುತ್ತ ಕೂತೆ. ಯಾವುದು ನಿಜ? ತಪ್ಪಾದ ಡಬ್ಬಿಯ ಕಡೆ ಕೈ ತೋರಿಸಿದರೆ, ಆ ಮುದುಕರು ಹೇಳಿದ ಜಿಂಕೆ ಮತ್ತೆ ಮತ್ತೆ ಜೌಗಿನೊಳಗೆ ಹೋಗುತ್ತಲೇ ಇರುತ್ತದೆ. ಈ ಸಲ ನನ್ನ ಸಹಿಯೊಂದಿಗೆ.

ಕಾಗದವನ್ನು ಮಾತ್ರ ನಾನು ಅನುಮಾನಿಸಲಿಲ್ಲ. ಮನಸ್ಸು ಅತ್ತ ಹೋಗಲಿಲ್ಲವೋ, ಹೋಗಲು ನಾನೇ ಬಿಡಲಿಲ್ಲವೋ ಇಂದಿಗೂ ಗೊತ್ತಿಲ್ಲ.

ರಜೆ ಮುಗಿಸಿ ಬಂದ ಟೆಕ್ನಿಶಿಯನ್ ನನ್ನ ಪಟ್ಟಿ ನೋಡಿದ, ತೊಟ್ಟಿಯ ಹತ್ತಿರ ಹೋದ, ಹೆಬ್ಬೆರಳಿನಿಂದ ಕಾಗದ ಒತ್ತಿದ. ಬೆರಳು ಬುಡದವರೆಗೂ ಇಳಿಯಿತು.

“ಇದೇನಿದು ಗಂಜಿ? ನನ್ನ ಪುಸ್ತಕ ಎಲ್ಲಿ?”

ಹೇಳಿದೆ. ಪುಸ್ತಕ ತುಳಿಯಬಾರದು, ಹೊಡೆಯಬಾರದು, ಅದು ನಮ್ಮಲ್ಲಿ ದೇವರು ಎಂದೆಲ್ಲ ತೊದಲಿದೆ. ಅವನು ನಗಲಿಲ್ಲ. ಪುಸ್ತಕಕ್ಕೆ ಬೈಂಡಿಂಗ್ ಇರುತ್ತದೆ, ನೆನೆದರೂ ಬಿಗಿಯಾಗಿರುತ್ತದೆ. ಬಿಡಿ ಹಾಳೆ ಊದಿಕೊಂಡು ಮೆತ್ತಗಾಗುತ್ತದೆ. ಮೂರು ನಿಮಿಷದಲ್ಲಿ ಎಲ್ಲ ಬಿಡಿಸಿಟ್ಟ. ಗಟ್ಟಿಯಾದುದರಲ್ಲಿ ದಪ್ಪದ್ದು ಅರಳಿತ್ತು, ಮೆತ್ತಗಿದ್ದುದರಲ್ಲಿ ಅರಳಲು ಅದಕ್ಕೆ ಆಸರೆಯೇ ಸಿಕ್ಕಿರಲಿಲ್ಲ. ಲೋಹದ ವಿಷಯದಲ್ಲಿ ಮಾಸ್ಟರ್ಸ್ ಮಾಡಿದವನು ನಾನು.

“ಎರಡನೇ ಪಟ್ಟಿ ಹರಿದು ಹಾಕು” ಅಂದ. “ಮೊದಲನೇದನ್ನೇ ರಿಪೋರ್ಟ್ ಮಾಡು. ಇಲ್ಲಿ ಇರೋದು ನಾವಿಬ್ಬರೇ. ನಾನು ಬಾಯಿ ಬಿಡಲ್ಲ.”

ಹರಿಯಲು ಕೈಗೆ ತೆಗೆದುಕೊಂಡದ್ದು ನಿಜ. ಕೆಲಸ ಕಡಿಮೆಯಾದ ವರ್ಷ, ಬಾಸ್ ಯಾರನ್ನು ಮನೆಗೆ ಕಳಿಸಲಿ ಎಂದು ನೋಡುತ್ತಿದ್ದ ವರ್ಷ. ಆದರೆ ಕಾಗದ ಮಡಚುವಾಗ ಒಂದು ಪ್ರಶ್ನೆ ಅಡ್ಡ ಬಂತು. ಅವನನ್ನೇ ಕೇಳಿದೆ. “ಜಿಂಕೆ ಇದರಲ್ಲಿ ಯಾವುದರ ಹಾಗಿರತ್ತೆ? ಡೈರೆಕ್ಟರಿ ಹಾಗೋ, ಗಂಜಿ ಹಾಗೋ?”

“ಭುಜ ಡೈರೆಕ್ಟರಿ. ಶ್ವಾಸಕೋಶ ಗಂಜಿ” ಅಂದ. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡ. “ಹೊಡೆಯೋದು ಶ್ವಾಸಕೋಶಕ್ಕೇ.”

ನಮ್ಮಿಬ್ಬರಲ್ಲಿ ಜಿಂಕೆಯ ಒಳಗನ್ನು ನೋಡಿದವನು ಅವನೊಬ್ಬನೇ. ಅವನೂ ಅಳತೆ ಹಿಡಿದು ನೋಡಿದವನಲ್ಲ. ಪಟ್ಟಿಯನ್ನು ಹರಿಯದೆ ಜೇಬಿನಲ್ಲಿಟ್ಟುಕೊಂಡು, ನಾನು ನೋಡಬೇಕು ಎಂದೆ. ಹೇಳಿದ ಮೇಲೆ ನನಗೇ ದಿಗಿಲಾಯಿತು.

ನವೆಂಬರ್ ಮಧ್ಯದಲ್ಲಿ ಮಿಶಿಗನ್‌ನಲ್ಲಿ ರೈಫಲ್ ಬೇಟೆ ಶುರುವಾಗುತ್ತದೆ. ಟೆಕ್ನಿಶಿಯನ್‌ನ ಭಾವಮೈದ ಉತ್ತರದ ಒಂದು ಊರಿನಲ್ಲಿ, ಬೇಟೆಗಾರರು ತಂದ ಜಿಂಕೆಗಳನ್ನು ಕತ್ತರಿಸಿ ಕಟ್ಟಿಕೊಡುವ ಅಂಗಡಿ ಇಟ್ಟಿದ್ದ. ಸೀಸನ್ನಿನ ಮೊದಲ ಶನಿವಾರ ಬೆಳಿಗ್ಗೆ ನಾವಿಬ್ಬರೂ ಟೆಕ್ನಿಶಿಯನ್‌ನ ಪಿಕಪ್ ಟ್ರಕ್ಕಿನಲ್ಲಿ ಹೊರಟೆವು. ಎದುರಿನಿಂದ ಬರುತ್ತಿದ್ದ ಕಾರುಗಳ ಮೇಲೆಲ್ಲ ಜಿಂಕೆ ಕಟ್ಟಿತ್ತು. ನಾನು ಕಿಟಕಿಯ ಗಾಜು ಏರಿಸಿ, ಸ್ಟೀಲ್ ಸ್ಕೇಲನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದೆ.

ಶೆಡ್ಡಿನೊಳಗೆ ಮೂವತ್ತಕ್ಕೂ ಹೆಚ್ಚು ಜಿಂಕೆಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಬಾಗಿಲಲ್ಲೇ ನಿಂತುಬಿಟ್ಟೆ. ವಾಸನೆಗಿಂತ ಹೆಚ್ಚಾಗಿ, ಅವುಗಳ ಕಣ್ಣು ತೆರೆದೇ ಇದ್ದುದು ನನ್ನನ್ನು ಹಿಡಿದು ನಿಲ್ಲಿಸಿತು. ರಬ್ಬರ್ ಏಪ್ರನ್ ಹಾಕಿದ್ದ ಭಾವಮೈದ ಕೈ ಒರೆಸಿಕೊಂಡು ಬಂದು ಕೇಳಿದ.

“ನೀನು ಎಷ್ಟು ಹೊಡೆದಿದೀಯ?”

“ಒಂದೂ ಇಲ್ಲ.”

“ತಿಂತೀಯಾ?”

“ಇಲ್ಲ.”

“ಮತ್ತೆ ನಿನಗ್ಯಾಕೆ ಇದು?”

ಸ್ಕೇಲ್ ತೋರಿಸಿದೆ. ಅವನು ಭುಜ ಕುಣಿಸಿ ಕೆಲಸಕ್ಕೆ ಹಿಂತಿರುಗಿದ.

ಮಧ್ಯಾಹ್ನದವರೆಗೆ ಅಳೆದೆ. ಪಕ್ಕದಿಂದ ಪಕ್ಕಕ್ಕೆ ಎದೆಗೂಡಿನ ಅಗಲ ಹನ್ನೊಂದು ಇಂಚು, ಕೆಲವಕ್ಕೆ ಹತ್ತೇ. ಇಪ್ಪತ್ತಾರು ಇಂಚು ಆಳದ ಲೆಕ್ಕ ಹಾಕಿಕೊಂಡು ಕೂತಿದ್ದವನು ನಾನು. ಆನೆಗೆ ಗುಂಡು ಆರಿಸುತ್ತಿದ್ದೆ. ಭುಜದ ಮೂಳೆ ಬೆಳಕಿಗೆ ಹಿಡಿದರೆ ಬೆಳಕು ಕಾಣುವಷ್ಟು ತೆಳು. ಹೆಚ್ಚಿನ ಗುಂಡುಗಳು ಪಕ್ಕೆಲುಬಿನ ನಡುವೆ ಹೊಕ್ಕಿದ್ದವು. ಒಂದು ಜಿಂಕೆಯ ಮುಂದೆ ಭಾವಮೈದ ನನ್ನನ್ನು ಕರೆದು ನಿಲ್ಲಿಸಿದ. ಎಡಗಡೆ ಒಂದು ಪುಟ್ಟ ತೂತು, ಬಲಗಡೆ ಅದೇ ಅಳತೆಯ ಇನ್ನೊಂದು.

“ಇದು ಒಂದು ಮೈಲಿ ಹೋಗಿತ್ತಂತೆ. ಮಾರನೇ ದಿನ ಸಿಕ್ಕಿದ್ದು. ಮಾಂಸ ಎಲ್ಲ ಕೆಟ್ಟಿದೆ” ಅಂದ.

ಹಿಂಗಾಲುಗಳ ಗೊರಸಿನ ಸಂದಿಯಲ್ಲಿ ಕೆಸರು ಒಣಗಿ ಹೆಪ್ಪುಗಟ್ಟಿತ್ತು. ಅದನ್ನು ನೋಡಿದಾಗ ನನ್ನ ಜೇಬಿನಲ್ಲಿದ್ದ ಪಟ್ಟಿಯ ನೆನಪಾಯಿತು. ದಪ್ಪ ಜಾಕೆಟ್, ಮೆತ್ತನೆಯ ತೊಟ್ಟಿ, ಅರಳಲಿಲ್ಲ, ಆಚೆ ಹೋಯಿತು. ನಾನು ಹರಿಯಬೇಕೆಂದಿದ್ದ ಪಟ್ಟಿ ಈ ಜಿಂಕೆಯ ವಿಷಯವನ್ನೇ ಬರೆದಿತ್ತು. ನನಗೆ ಅಳು ಬಂತು. ಚಳಿಗೆ ಮೂಗು ಸೋರುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸಂಜೆ ಮನೆಗೆ ಬಂದವನು ಬಾಗಿಲಲ್ಲೇ ನಿಂತು, “ಮುಟ್ಟಬೇಡ, ನೀರು ಬಿಡು, ಸ್ನಾನ ಮಾಡ್ಬೇಕು” ಅಂದೆ. ಹೆಂಡತಿಯ ಮುಖ ಬಿಳಿಚಿಕೊಂಡಿತು.

“ಯಾರು ಹೋದ್ರು? ಊರಿಂದ ಟೆಲಿಗ್ರಾಮ್ ಬಂತಾ?”

“ಯಾರೂ ಇಲ್ಲ. ಜಿಂಕೆ.”

ತಲೆಗೆ ನೀರು ಹಾಕಿಕೊಂಡು ಬಂದು ಎಲ್ಲ ಹೇಳಿದೆ. ಸಿಗಾರ್ ಡಬ್ಬಿ, ಮುದುಕರ ಪ್ರಶ್ನೆ, ಪುಸ್ತಕದ ಮೂಟೆ, ಬಿಳಿ ಕಾಗದ, ಗೊರಸಿನ ಕೆಸರು. ಅವಳು ಹುಳಿಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ.

“ಅಲ್ಲಾರೀ” ಅಂದಳು ಕೊನೆಗೆ, “ಪುಸ್ತಕಕ್ಕೆ ಗುಂಡು ಹೊಡೆಯಕ್ಕೆ ನಿಮಗೆ ಕೈ ಬರ್ಲಿಲ್ಲ. ಜಿಂಕೆಗೆ ಯಾವುದರಲ್ಲಿ ಹೊಡೀಬೇಕು ಅಂತ ಹೇಳಕ್ಕೆ ಬರತ್ತಾ?”

“ನಾನು ಹೇಳದೆ ಇದ್ರೂ ಹೊಡೀತಾರೆ ಕಣೇ.”

“ಅದು ಸರಿ” ಅಂದಳು. ಸರಿ ಎಂದ ಹಾಗಿರಲಿಲ್ಲ. ಒಗ್ಗರಣೆ ಸೀದುಹೋಗಿತ್ತು, ಬೇರೆ ಹಾಕಿದಳು.

ಸೋಮವಾರ ಬಾಸ್ ಕೋಣೆಗೆ ಹೋಗಿ ಎರಡೂ ಪಟ್ಟಿಗಳನ್ನು ಅವರ ಮುಂದಿಟ್ಟೆ. ಎರಡನೇ ಸುತ್ತಿನಲ್ಲಿ ಯಾರಿಗೂ ಹೇಳದೆ ಕಾಗದ ಬದಲಾಯಿಸಿದ್ದೇನೆ, ಕಾರಣ ಇಂಥದ್ದು ಎಂದೆ. ಮೊದಲನೇ ಸುತ್ತನ್ನು ನಂಬಿ ದಪ್ಪದ್ದೇ ಸರಿ ಎಂದರೆ ತಪ್ಪಾಗುತ್ತದೆ, ಇನ್ನೂ ಮೂರು ವಾರ ಬೇಕು ಎಂದೂ ಹೇಳಿದೆ. ಬಾಸ್ ಬಹಳ ಹೊತ್ತು ಪಟ್ಟಿ ನೋಡಿದರು. ಅವರ ಪೈಪು ಆರಿಹೋಗಿತ್ತು.

“ನನ್ನನ್ನ ಮೊದಲೇ ಕೇಳಿದ್ದಿದ್ರೆ?”

“ನಗ್ತೀರಿ ಅಂತ ಕೇಳ್ಲಿಲ್ಲ.”

“ನಗ್ತಿದ್ದೆ” ಅಂದರು. “ಆಮೇಲೆ ಬೇರೆ ಏನಾದ್ರೂ ವ್ಯವಸ್ಥೆ ಮಾಡ್ತಿದ್ದೆ.” ಮೂರು ವಾರ ಕೊಟ್ಟರು.

ಈ ಸಲ ತೊಟ್ಟಿಯನ್ನು ಜಿಂಕೆಯ ಅಳತೆಗೆ ಕಟ್ಟಿದೆವು. ಮುಂದೆ ಎರಡು ಇಂಚು ಡೈರೆಕ್ಟರಿ, ಚರ್ಮ ಮತ್ತು ಪಕ್ಕೆಲುಬಿಗೆ. ನಡುವೆ ಏಳು ಇಂಚು ನನ್ನ ಗಂಜಿ, ಶ್ವಾಸಕೋಶಕ್ಕೆ. ಹಿಂದೆ ಮತ್ತೆರಡು ಇಂಚು ಡೈರೆಕ್ಟರಿ. ಒಟ್ಟು ಹನ್ನೊಂದು. ಡೈರೆಕ್ಟರಿಗಳನ್ನು ಟೆಕ್ನಿಶಿಯನ್ ತುಳಿಯಲಿಲ್ಲ, ಎರಡು ಹಲಗೆಗಳ ನಡುವೆ ಇಟ್ಟು ಕ್ಲಾಂಪ್ ಹಾಕಿ ಬಿಗಿದ. ನಾನು ಕೇಳಿರಲಿಲ್ಲ, ಅವನೂ ಹೇಳಲಿಲ್ಲ. ಶಾಲೆಯ ಪುಸ್ತಕದ ಮೂಟೆ ಎಲ್ಲಿ ಹೋಯಿತೋ ತಿಳಿಯದು.

ಉತ್ತರ ಸಿಗುತ್ತದೆ ಎಂದುಕೊಂಡಿದ್ದರೆ ಇನ್ನಷ್ಟು ಗೋಜಲು ಸಿಕ್ಕಿತು. ಹತ್ತಿರದ ವೇಗದಲ್ಲಿ ತೆಳುವಿನ ಹತ್ತರಲ್ಲಿ ನಾಲ್ಕು ಹಿಂದಿನ ಪದರ ಮುಟ್ಟುವ ಮೊದಲೇ ಒಡೆದುಹೋದವು. ದಪ್ಪದ್ದು ಹತ್ತೂ ಆಚೆ ಹೋದವು, ಆದರೆ ದೂರದ ವೇಗಕ್ಕೆ ಇಳಿಸಿದಾಗ ಆರು ಅರಳಲೇ ಇಲ್ಲ. ಹತ್ತಿರಕ್ಕೆ ಒಂದು ಕೆಟ್ಟದ್ದು, ದೂರಕ್ಕೆ ಇನ್ನೊಂದು. ಎರಡು ಡಬ್ಬಿಗಳಲ್ಲಿ ಒಂದನ್ನು ಆರಿಸು ಎಂದರೆ, ಎರಡೂ ಬೇಡ ಎಂದು ಮೊದಲ ದಿನ ನುಂಗಿಕೊಂಡ ಮಾತೇ ಮತ್ತೆ ಬಾಯಿಗೆ ಬಂತು.

ಈ ಸಲ ನುಂಗಲಿಲ್ಲ, ಬರೆದೆ. ಎರಡೂ ಇದ್ದ ಹಾಗೆ ಬೇಡ. ಜಾಕೆಟ್ ತೆಳುವೇ ಇರಲಿ, ಒಳಗಿನ ಸೀಸಕ್ಕೆ ಆಂಟಿಮನಿ ಎಂಬ ಲೋಹ ಬೆರೆಸಿ ಸ್ವಲ್ಪ ಗಡಸು ಮಾಡಿ, ಆಗ ಅರಳಿದರೂ ಒಡೆಯಲಿಕ್ಕಿಲ್ಲ. ‘ಲಿಕ್ಕಿಲ್ಲ’ ಎಂಬುದಕ್ಕಿಂತ ಗಟ್ಟಿಯಾದ ಮಾತು ನನ್ನಲ್ಲಿರಲಿಲ್ಲ. ಎರಡನೇ ಸುತ್ತಿನ ಕಾಗದವನ್ನು ನಾನು ವೈಯಕ್ತಿಕ ಕಾರಣಕ್ಕೆ ಬದಲಾಯಿಸಿದೆ ಎಂದೂ ಬರೆದಿದ್ದೆ. ಬಾಸ್ ‘ವೈಯಕ್ತಿಕ ಕಾರಣಕ್ಕೆ’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಮೃದು ಅಂಗಾಂಶದ ಪರೀಕ್ಷೆ’ ಎಂದು ಬರೆದರು. ನನ್ನ ತಪ್ಪಿಗೆ ನಾಮಕರಣವಾಗಿ ಅದೊಂದು ವಿಧಾನವಾಯಿತು. ಕ್ಷಮಿಸಿದರೋ, ಮುಚ್ಚಿಹಾಕಿದರೋ ತಿಳಿಯಲಿಲ್ಲ. ಬದಲಾಯಿಸಿದ್ದು ಹೇಳದೆ ಕೇಳದೆ ಎಂಬ ಒಂದು ಸಾಲಾದರೂ ಇರಲಿ ಎಂದು ಹಟ ಹಿಡಿದೆ. ಅದನ್ನು ಬಿಟ್ಟುಕೊಟ್ಟರು.

ಡಿಸೆಂಬರಿನಲ್ಲಿ ಹೈವೇ ಹಿಡಿದು ರಿಪೋರ್ಟ್ ತೆಗೆದುಕೊಂಡು ನಾನೇ ಹೋದೆ. ನೇಪರ್‌ವಿಲ್ ದಾಟಿದ ಮೇಲೆ ಹೊಲಗಳಲ್ಲಿ ಹಿಮ. ಮುದುಕರು ಲೇತ್ ಮಷೀನಿನ ಪಕ್ಕ ನಿಂತೇ ಓದಿದರು. ನನ್ನ ಆ ಸಾಲಿಗೆ ಬಂದಾಗ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಕೊನೆಯ ಪುಟ ಮುಗಿಸಿ, “ಎಷ್ಟು ದೂರ ಹೋಗತ್ತೆ ಅಂತ ಇದರಲ್ಲಿ ಇಲ್ಲ” ಅಂದರು.

“ಇಲ್ಲ” ಅಂದೆ. “ತೊಟ್ಟಿ ಓಡಲ್ಲ. ಅದು ನನಗೆ ಗೊತ್ತಿಲ್ಲ.”

ಅವರು ತಲೆಯಾಡಿಸಿ ರಿಪೋರ್ಟನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಜನವರಿಯಲ್ಲಿ ಗಡಸು ಸೀಸದ ಒಂದು ಡಬ್ಬಿ ಬಂತು. ಹತ್ತಿರಕ್ಕೆ ಹತ್ತು, ದೂರಕ್ಕೆ ಹತ್ತು ಹೊಡೆದೆವು. ಎರಡು ಬಾರಿಯೂ ಹತ್ತರಲ್ಲಿ ಒಂಬತ್ತು ಅರಳಿ, ಒಡೆಯದೆ, ಹಿಂದಿನ ಪದರ ಮುಟ್ಟಿದವು. ಆ ಹತ್ತನೆಯದು ಯಾಕೆ ಹಾಗಾಯಿತು ಎಂದು ನನಗೆ ತಿಳಿಯಲೇ ಇಲ್ಲ. ಅದನ್ನೂ ಬರೆದು ಕಳಿಸಿದೆ. ಆಮೇಲೆ ಮತ್ತೆ ಬೋಲ್ಟು, ಸ್ಪ್ರಿಂಗು.

ಮರು ವರ್ಷದ ನವೆಂಬರ್ ಕೊನೆಯಲ್ಲಿ ನನ್ನ ಹೆಸರಿಗೆ ಲ್ಯಾಬಿಗೆ ಒಂದು ಪುಟ್ಟ ಲಕೋಟೆ ಬಂತು. ಒಳಗೆ ಹತ್ತಿಯಲ್ಲಿ ಸುತ್ತಿದ ಒಂದು ಗುಂಡು, ಚೆನ್ನಾಗಿ ಅರಳಿದ್ದು. ಜೊತೆಗೆ ಮುದುಕರ ಕೈಬರಹದ ಚೀಟಿ. ಅದರಲ್ಲಿ ಎರಡೇ ಮಾತು. ನಲವತ್ತು ಹೆಜ್ಜೆ. ಥ್ಯಾಂಕ್ಸ್.

ಟೆಕ್ನಿಶಿಯನ್ ಅದನ್ನು ನೋಡಿ ನನ್ನ ಬೆನ್ನು ತಟ್ಟಿದ, “ಬರೀ ನಲವತ್ತು” ಅಂದ. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಸಂಜೆ ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಬಂದ ಮೇಲೆ ಎಲ್ಲಿಡುವುದು ಎಂದು ತಿಳಿಯಲಿಲ್ಲ. ದೇವರ ಕಪಾಟಿನ ಹತ್ತಿರ ಅಲ್ಲ, ಅಡುಗೆಮನೆಯಲ್ಲಿ ಅಲ್ಲ, ಪುಸ್ತಕಗಳ ಪಕ್ಕವಂತೂ ಅಲ್ಲವೇ ಅಲ್ಲ. ಕೈಯಲ್ಲೇ ಹಿಡಿದು ನಿಂತಿದ್ದನ್ನು ಹೆಂಡತಿ ನೋಡಿದಳು. ಚೀಟಿ ತೋರಿಸಿದೆ.

ಅವಳು ಓದಿ, ಸ್ವೆಟರ್ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಹಿಂದೆಯೇ ಹೋದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ, ನಮ್ಮ ಕಾರಿನ ಪಕ್ಕದಿಂದ ಶುರುಮಾಡಿ, ತುಟಿಯಲ್ಲೇ ಎಣಿಸುತ್ತ ನಡೆದಳು. ಕಾರುಗಳ ಸಾಲು ದಾಟಿತು. ಕಸದ ಡಬ್ಬಿಗಳು ದಾಟಿದವು. ಬೇಲಿಯ ಹತ್ತಿರ ಒಂಟಿ ಮೇಪಲ್ ಮರದ ಕೆಳಗೆ ನಿಂತು ನನ್ನತ್ತ ತಿರುಗಿದಳು. ಸಂಜೆಯ ಬೆಳಕಿನಲ್ಲಿ ಅಲ್ಲಿಂದ ಅವಳ ಮುಖ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ.

“ಇಷ್ಟು ದೂರಾನಾ?” ಎಂದು ಅಲ್ಲಿಂದಲೇ ಕೇಳಿದಳು.

ಇಷ್ಟೇ ದೂರ ಎಂದು ಹೇಳಲು ಬಾಯಿ ತೆರೆದೆ. ಹೇಳುವ ಬದಲು ಗುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳಿದ್ದಲ್ಲಿಗೆ ನಡೆದೆ. ಎಣಿಸಬಾರದು ಎಂದುಕೊಂಡರೂ ಎಣಿಸುತ್ತಿದ್ದೆ.